ಸಿಗರೇಟು ಸೇದಿಸುವ ಅಧ್ಯಯನದಲ್ಲಿ ಸಹಾಯಕರು ಕೂರಬೇಕಾದದ್ದು ಎಲ್ಲಿ?

ಹೊಸ ಸಹಾಯಕಿ

ಎಲ್ಲರಿಗೂ ನಮಸ್ಕಾರ. ನಿಕೋಟಿನ್ ಕಡಿಮೆ ಮಾಡಿದ ಸಿಗರೇಟು ಕೊಟ್ಟಾಗ ಜನ ಹೆಚ್ಚು ಜೋರಾಗಿ ದಮ್ಮು ಎಳೆಯುತ್ತಾರಾ ಅಂತ ನೋಡುವ ಅಧ್ಯಯನ ನಮ್ಮದು. ನಾನು ಸೇರಿ ಮೂರು ತಿಂಗಳಾಯಿತು. ದಿನಕ್ಕೆ ನಾಲ್ಕು ಜನ ಬರುತ್ತಾರೆ, ಒಬ್ಬೊಬ್ಬರು ಎರಡು ಸಿಗರೇಟು ಸೇದುತ್ತಾರೆ. ಸಿಗರೇಟನ್ನು ದಮ್ಮಿನ ಗಾತ್ರ ಅಳೆಯುವ ಸಾಧನಕ್ಕೆ ಸಿಕ್ಕಿಸಿರುತ್ತೇವೆ. ಸೇದುವ ಮೊದಲು ಮತ್ತು ಆಮೇಲೆ ಅವರ ಉಸಿರಿನಲ್ಲಿರುವ ಕಾರ್ಬನ್ ಮಾನಾಕ್ಸೈಡ್ ಮತ್ತು ನಾಡಿ ನೋಡಿ ಬರೆದುಕೊಳ್ಳುವುದು ನನ್ನ ಕೆಲಸ.

ತೊಂದರೆ ಏನೆಂದರೆ, ನಾನು ಅದೇ ಕೋಣೆಯಲ್ಲಿ ಅವರಿಂದ ಎರಡು ಮೀಟರ್ ದೂರದಲ್ಲಿ ಕೂರುತ್ತೇನೆ. ಕೋಣೆ ಸುಮಾರು 25 ಘನ ಮೀಟರ್. ಗೋಡೆಯಲ್ಲಿ ಒಂದು ಎಕ್ಸಾಸ್ಟ್ ಫ್ಯಾನ್, ಮೂಲೆಯಲ್ಲಿ ಒಂದು ಏರ್ ಪ್ಯೂರಿಫೈಯರ್, ಮೇಲೆ ಕಟ್ಟಡದ ಎಸಿಯ ಡಕ್ಟ್. ಸಂಜೆಯ ಹೊತ್ತಿಗೆ ತಲೆ ಸಿಡಿಯುತ್ತದೆ, ಕಣ್ಣು ಉರಿಯುತ್ತದೆ, ಮನೆಗೆ ಹೋದರೆ ಕೂದಲಿಂದ ವಾಸನೆ ಹೋಗುವುದಿಲ್ಲ. ಹಿರಿಯರಿಗೆ ಹೇಳಿದೆ. "ಪ್ಯೂರಿಫೈಯರ್ ಹಾಕಿಸಿದ್ದೇವಲ್ಲ" ಅಂದರು. ಅವರು ಕೆಟ್ಟವರಲ್ಲ, ಅವರಿಗೆ ಅದು ಸಾಕು ಅಂತ ನಿಜವಾಗಿಯೂ ಅನ್ನಿಸಿದೆ.

ಈ ಅಧ್ಯಯನ ಆಗಬೇಕು ಅನ್ನುವುದು ನನ್ನ ಆಸೆ. ಬಿಟ್ಟು ಹೋಗುವ ಯೋಚನೆ ಇಲ್ಲ. ಆದರೆ ಏನು ಕೇಳಬೇಕು, ಯಾವ ಮಾತಿನಲ್ಲಿ ಕೇಳಬೇಕು, ತಿಳಿದವರು ದಯವಿಟ್ಟು ಹೇಳಿ.

ಗಾಳಿಲೆಕ್ಕ

ಕಟ್ಟಡಗಳ ವಾತಾಯನ ನನ್ನ ಕಸುಬು. ಮೊದಲು ಒಂದು ಸಣ್ಣ ಲೆಕ್ಕ ಹಾಕೋಣ. ಒಂದು ಸಿಗರೇಟು ಉರಿದು ಮುಗಿಯುವಷ್ಟರಲ್ಲಿ ಕೋಣೆಯ ಗಾಳಿಗೆ ಸುಮಾರು 10 ಮಿಲಿಗ್ರಾಂ ಸೂಕ್ಷ್ಮ ಕಣ ಸೇರುತ್ತದೆ. ನಿಮ್ಮ 25 ಘನ ಮೀಟರ್‌ನಲ್ಲಿ ಅದನ್ನು ಹರಡಿದರೆ, ಗಾಳಿ ಹೊರಗೆ ಹೋಗದಿದ್ದಲ್ಲಿ, ಘನ ಮೀಟರಿಗೆ 400 ಮೈಕ್ರೋಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ ಪಿಎಂ 2.5, ಅಂದರೆ 2.5 ಮೈಕ್ರಾನ್‌ವರೆಗಿನ ಸೂಕ್ಷ್ಮ ಕಣಗಳಿಗೆ 24 ಗಂಟೆಯ ಸರಾಸರಿ 15 ಮೈಕ್ರೋಗ್ರಾಂ. ಒಂದು ಸಿಗರೇಟಿನ ಕ್ಷಣದ ಮಟ್ಟವನ್ನೂ ಇಡೀ ದಿನದ ಸರಾಸರಿಯನ್ನೂ ನೇರವಾಗಿ ತೂಗಬಾರದು, ಒಪ್ಪುತ್ತೇನೆ. ಆದರೆ ನೀವು ಕೂತಿರುವುದು ದಿನಕ್ಕೆ ಎಂಟು ಸಿಗರೇಟಿನ ಎದುರು.

ಪ್ಯೂರಿಫೈಯರ್ ವಿಷಯ. ಅದರೊಳಗೆ ಹೆಪಾ ಫಿಲ್ಟರ್ ಇದ್ದರೆ 0.3 ಮೈಕ್ರಾನ್ ಕಣಗಳಲ್ಲಿ 99.97% ಹಿಡಿಯುತ್ತದೆ, ಇದು ನಿಜ. ಆದರೆ ಹಿಡಿಯುವುದು ತನ್ನ ಮೂಲಕ ಹಾದುಹೋದ ಗಾಳಿಯ ಕಣಗಳನ್ನು ಮಾತ್ರ. ಕಾರ್ಬನ್ ಮಾನಾಕ್ಸೈಡ್, ಬೆಂಜೀನ್, ಫಾರ್ಮಾಲ್ಡಿಹೈಡ್, ಆವಿಯಾದ ನಿಕೋಟಿನ್ ಇವೆಲ್ಲ ಅನಿಲಗಳು. ಹೆಪಾಗೆ ಅವು ಸಿಕ್ಕುವುದೇ ಇಲ್ಲ. ಸಕ್ರಿಯ ಇದ್ದಿಲಿನ ಪದರ ಇದ್ದರೆ ಕೆಲವು ಆವಿಗಳನ್ನು ಹೀರುತ್ತದೆ, ಕಾರ್ಬನ್ ಮಾನಾಕ್ಸೈಡ್ ಆಗಲೂ ಹಾಗೇ ಉಳಿಯುತ್ತದೆ. ಮಾಸ್ಕ್ ಕೂಡ ಹೀಗೇ. ಎನ್95 ಕಣ ತಡೆಯುತ್ತದೆ, ಅನಿಲ ತಡೆಯುವುದಿಲ್ಲ.

ಇವತ್ತೇ ಒಂದು ಕೆಲಸ ಮಾಡಿ. ಫ್ಯಾನ್ ಹಾಕಿ, ಬಾಗಿಲು ಮುಚ್ಚಿ, ಹೊರಗೆ ನಿಂತು ಬಾಗಿಲ ಕೆಳಗಿನ ಸಂದಿಗೆ ತೆಳು ಕಾಗದದ ಪಟ್ಟಿ ಹಿಡಿಯಿರಿ. ಪಟ್ಟಿ ಒಳಕ್ಕೆ ವಾಲಬೇಕು. ನಿಮ್ಮ ಕಡೆಗೆ ವಾಲಿದರೆ ಕೋಣೆಯ ಹೊಗೆ ಕಾರಿಡಾರಿಗೆ ಬರುತ್ತಿದೆ ಅಂತ ಅರ್ಥ.

ಕುತೂಹಲಿ

ಇನ್ನೂ ದೊಡ್ಡ ಪ್ಯೂರಿಫೈಯರ್ ಎರಡು ಇಟ್ಟರೆ? ಓಜೋನ್ ಬಿಡುವ ಯಂತ್ರಗಳೂ ಸಿಗುತ್ತವೆ, ವಾಸನೆ ಪೂರ್ತಿ ಹೋಗುತ್ತದೆ ಅಂತಾರೆ.

ಗಾಳಿಲೆಕ್ಕ

ಓಜೋನ್ ಯಂತ್ರ ಮಾತ್ರ ಬೇಡವೇ ಬೇಡ. ಓಜೋನ್ ಸ್ವತಃ ಶ್ವಾಸಕೋಶಕ್ಕೆ ಕೆಟ್ಟದ್ದು. ಸಾಲದೆಂಬಂತೆ ಗೋಡೆಗೆ ಅಂಟಿದ ನಿಕೋಟಿನ್ ಜೊತೆ ಸೇರಿ ಇನ್ನೂ ಸಣ್ಣ ಕಣಗಳನ್ನು ಹುಟ್ಟಿಸುತ್ತದೆ. ಮೂಗಿಗೆ ವಾಸನೆ ಬರದಿದ್ದರೆ ಕೋಣೆ ಸ್ವಚ್ಛವಾಯಿತು ಅಂತ ಅಂದುಕೊಳ್ಳುವುದೇ ಇಲ್ಲಿನ ದೊಡ್ಡ ಅಪಾಯ.

ಯಂತ್ರದ ಕೋಣೆ

ನಾನು ಮನುಷ್ಯರ ಬದಲು ಯಂತ್ರ ಸಿಗರೇಟು ಸೇದುವ ಪ್ರಯೋಗಾಲಯದಲ್ಲಿ ಇದ್ದವನು. ಅಲ್ಲಿ ಕಲಿತ ಒಂದು ವಿಷಯ ಇಲ್ಲಿ ಉಪಯೋಗಕ್ಕೆ ಬರಬಹುದು.

ನಾವೆಲ್ಲ ಸೇದುವವರ ಬಾಯಿಂದ ಹೊರಬರುವ ಹೊಗೆಯನ್ನೇ ನೋಡುತ್ತೇವೆ. ಆದರೆ ಯಂತ್ರದಿಂದ ಸಿಗರೇಟು ಸೇದಿಸಲು ಇರುವ ಅಂತಾರಾಷ್ಟ್ರೀಯ ಮಾನಕ, ಐಎಸ್‌ಒ 3308 ಪದ್ಧತಿಯನ್ನೇ ತೆಗೆದುಕೊಳ್ಳಿ: ನಿಮಿಷಕ್ಕೊಂದು ದಮ್ಮು, 35 ಮಿ.ಲೀ., 2 ಸೆಕೆಂಡು. ಹತ್ತು ದಮ್ಮು ಎಳೆದರೂ ಎಳೆದ ಸಮಯ ಒಟ್ಟು 20 ಸೆಕೆಂಡು. ಉಳಿದ ಸುಮಾರು ಒಂಬತ್ತೂವರೆ ನಿಮಿಷ ಸಿಗರೇಟು ಸುಮ್ಮನೆ ಕನಲುತ್ತಿರುತ್ತದೆ. ಕೆನಡಾದ ತೀವ್ರ ಪದ್ಧತಿಯಲ್ಲಿ 55 ಮಿ.ಲೀ., ಅರ್ಧ ನಿಮಿಷಕ್ಕೊಮ್ಮೆ. ಆಗಲೂ ಹೆಚ್ಚಿನ ಹೊತ್ತು ಕನಲುವುದೇ. ಕೋಣೆಯ ಹೊಗೆಯಲ್ಲಿ ಬಹುಪಾಲು ಬರುವುದು ಆ ತುದಿಯ ಕೆಂಡದಿಂದ. ದಮ್ಮಿನ ಹೊತ್ತಿನಷ್ಟು ಬಿಸಿ ಆಗ ಇರುವುದಿಲ್ಲವಾದ್ದರಿಂದ ಅರೆಬರೆ ಸುಟ್ಟ ವಸ್ತುಗಳೂ ಅದರಲ್ಲಿ ಹೆಚ್ಚು. ಸೇದುವವರು ಉಸಿರು ಬಿಡುವ ಹೊಗೆಯಾದರೂ ಒಮ್ಮೆ ಅವರ ಶ್ವಾಸಕೋಶದಲ್ಲಿ ಸ್ವಲ್ಪ ಇಳಿದು ಬಂದದ್ದು. ಕೆಂಡದ ಹೊಗೆ ನೇರ ನಿಮ್ಮ ಪಾಲು.

ಆದ್ದರಿಂದ ಹಿಡಿಯಬೇಕಾದದ್ದು ಕೆಂಡವನ್ನು. ಸಿಗರೇಟು ಸಾಧನಕ್ಕೆ ಸಿಕ್ಕಿಕೊಂಡೇ ಇರುತ್ತದಲ್ಲ, ಆ ತುದಿಯ ಪಕ್ಕದಲ್ಲೇ ಸಣ್ಣ ಹೀರುಗೊಳವೆ ಇಡಿ. ಬೂದಿಬಟ್ಟಲಿಗೂ ಒಂದು. ಮುಗಿದ ತುಂಡನ್ನು ಹೊಸಕಿ ಬಿಡಬೇಡಿ, ನೀರಿರುವ ಡಬ್ಬಿಗೆ ಹಾಕಿ ಮುಚ್ಚಳ ಹಾಕಿ. ಹೊಸಕಿದ ತುಂಡು ಎಷ್ಟೋ ಹೊತ್ತು ಹೊಗೆಯಾಡುತ್ತಲೇ ಇರುತ್ತದೆ.

ನಡವಳಿಕೆ ಅಧ್ಯಯನ

ಒಂದು ಆಕ್ಷೇಪ ಇದೆ. ಮುಖದ ಮುಂದೆ ಕೊಳವೆ, ಕಿವಿಯ ಹತ್ತಿರ ಗಾಳಿಯ ಸದ್ದು. ಇಂಥಲ್ಲಿ ಯಾರು ಸಹಜವಾಗಿ ಸೇದುತ್ತಾರೆ? ನಮ್ಮ ಇಡೀ ಪ್ರಶ್ನೆ ಇರುವುದು ಸೇದುವ ರೀತಿಯ ಬಗ್ಗೆ. ಸುರಕ್ಷತೆಯ ಹೆಸರಿನಲ್ಲಿ ದತ್ತಾಂಶವೇ ಕೆಟ್ಟರೆ, ಅಷ್ಟು ಜನರಿಗೆ ಸಿಗರೇಟು ಸೇದಿಸಿದ್ದೂ ವ್ಯರ್ಥವಾಯಿತಲ್ಲ. ಅದೂ ಒಂದು ಅನ್ಯಾಯವೇ.

ಯಂತ್ರದ ಕೋಣೆ

ನಿಮ್ಮ ಮಾತು ಸರಿ. ಇದರಲ್ಲಿ ಇನ್ನೊಂದು ಸಂಕಟವೂ ಇದೆ. ಕೆಂಡದ ಸುತ್ತ ಗಾಳಿ ಜೋರಾದರೆ ಸಿಗರೇಟು ಬೇಗ ಉರಿಯುತ್ತದೆ. ಅದಕ್ಕೇ ಸೇದುವ ಯಂತ್ರಗಳ ಸುತ್ತ ಗಾಳಿಯ ವೇಗ ಸೆಕೆಂಡಿಗೆ ಸುಮಾರು 200 ಮಿ.ಮೀ. ಇರುವಂತೆ ನೋಡಿಕೊಳ್ಳುತ್ತಾರೆ. ಸಾಮಾನ್ಯ ಫ್ಯೂಮ್ ಹುಡ್‌ನ (ಪ್ರಯೋಗಾಲಯದಲ್ಲಿ ಆವಿಯನ್ನು ಹೊರಗೆಳೆಯುವ ಗೂಡು) ಬಾಯಲ್ಲಿ ಅದು ಸೆಕೆಂಡಿಗೆ ಅರ್ಧ ಮೀಟರಿನ ಆಸುಪಾಸು, ಅಂದರೆ ಎರಡೂವರೆ ಪಟ್ಟು. ಎಷ್ಟೋ ಕಡೆ "ಹುಡ್ ಮುಂದೆ ಕೂರಿಸಿ ಸೇದಿಸಿ" ಅನ್ನುತ್ತಾರೆ. ಹುಡ್ ಇರುವುದು ಕೈ ಹಾಕಿ ಕೆಲಸ ಮಾಡಲು, ತಲೆ ಹಾಕಲು ಅಲ್ಲ. ಜೊತೆಗೆ ಅಲ್ಲಿ ಉರಿಯ ವೇಗವೇ ಬದಲಾಗುತ್ತದೆ, ದಮ್ಮುಗಳ ಸಂಖ್ಯೆಯೂ ಬದಲಾಗುತ್ತದೆ.

ನನಗೆ ಸರಿ ಕಂಡ ದಾರಿ: ಮೃದುವಾದ ಹೀರುವಿಕೆ, ಅಗಲವಾದ ಬಾಯಿ, ಕೆಂಡಕ್ಕೆ ಹತ್ತಿರ. ವೇಗವನ್ನು ಅನಿಮೋಮೀಟರಿನಿಂದ ಅಳೆದು, ಎಲ್ಲ ಭಾಗಿಗಳಿಗೂ ಅದೇ ವೇಗ ಇಟ್ಟು, ವರದಿಯಲ್ಲಿ ಬರೆಯಿರಿ.

ಗಾಳಿಲೆಕ್ಕ

ಹತ್ತಿರ ಅಂದರೆ ನಿಜವಾಗಿಯೂ ಹತ್ತಿರ. ಕೊಳವೆಯ ಬಾಯಿಂದ ಅದರ ವ್ಯಾಸದಷ್ಟು ದೂರ ಹೋದರೆ ಎಳೆತ ಬಾಯಲ್ಲಿ ಇದ್ದುದರ ಸುಮಾರು ಹತ್ತನೇ ಒಂದು ಭಾಗಕ್ಕೆ ಇಳಿಯುತ್ತದೆ. 10 ಸೆಂ.ಮೀ. ಅಗಲದ ಕೊಳವೆಯನ್ನು ಒಂದು ಮಾರು ದೂರ ಇಟ್ಟು "ಹಾಕಿದ್ದೇವೆ" ಅಂದರೆ ಅದು ಗೋಡೆಯ ಅಲಂಕಾರ ಅಷ್ಟೇ. ಸದ್ದಿನ ವಿಷಯಕ್ಕೆ ಮೋಟರನ್ನು ಕೋಣೆಯ ಹೊರಗೆ, ಡಕ್ಟ್‌ನ ಕೊನೆಯಲ್ಲಿ ಕೂರಿಸಿ. ಡಕ್ಟ್‌ ಪೂರ್ತಿ ಎಳೆತದಲ್ಲೇ ಇರುವುದರಿಂದ ನಡುವೆ ಎಲ್ಲಾದರೂ ಸೋರಿದರೂ ಹೊಗೆ ಕಟ್ಟಡಕ್ಕೆ ಬರುವುದಿಲ್ಲ.

ಹೊಸ ಸಹಾಯಕಿ

ಎಲ್ಲರಿಗೂ ತುಂಬಾ ಧನ್ಯವಾದ. ಕಾಗದದ ಪಟ್ಟಿ ಹಿಡಿದು ನೋಡಿದೆ. ಅದು ಹೊರಕ್ಕೆ, ನನ್ನ ಕಡೆಗೇ ವಾಲಿತು. ಎರಡು ಸಲ ನೋಡಿದೆ. ಪಕ್ಕದ ಕೋಣೆಯಲ್ಲಿ ದತ್ತಾಂಶ ತುಂಬುವ ಇಬ್ಬರು ಕೂರುತ್ತಾರೆ, ಅವರಿಗೆ ಈ ಅಧ್ಯಯನ ಇದೆ ಅಂತಲೂ ಸರಿಯಾಗಿ ಗೊತ್ತಿಲ್ಲ. ಎಕ್ಸಾಸ್ಟ್ ಫ್ಯಾನ್ ತಿರುಗುತ್ತಿದ್ದರೂ ಹೀಗೆ ಯಾಕೆ ಆಗುತ್ತದೆ?

ಗಾಳಿಲೆಕ್ಕ

ಎಸಿ ಡಕ್ಟ್ ಕೋಣೆಗೆ ತಳ್ಳುವ ಗಾಳಿ ಫ್ಯಾನ್ ಎಳೆಯುವುದಕ್ಕಿಂತ ಹೆಚ್ಚು. ಉಳಿದದ್ದು ಬಾಗಿಲಿಂದ ಹೊರಡುತ್ತದೆ. ಚಾವಣಿಯಲ್ಲಿ ಎರಡು ಜಾಲರಿ ಇದ್ದರೆ ಒಂದು ಗಾಳಿ ಕೊಡುವುದು, ಇನ್ನೊಂದು ವಾಪಸ್ ಎಳೆದುಕೊಳ್ಳುವುದು. ಆ ವಾಪಸ್ ಜಾಲರಿ ನಿಮ್ಮ ಹೊಗೆಯನ್ನು ಇಡೀ ಮಹಡಿಗೆ ಹಂಚುತ್ತದೆ. ಅದನ್ನು ಮುಚ್ಚಲೇಬೇಕು. ನಾಳೆ ನಾಡಿದ್ದು ಅಂತಲ್ಲ, ಮುಂದಿನ ಭಾಗಿ ಬರುವುದಕ್ಕೆ ಮೊದಲು.

ಬೇಕಾದದ್ದು ಇಷ್ಟು. ಈ ಕೋಣೆಗೆ ತನ್ನದೇ ಎಕ್ಸಾಸ್ಟ್, ನೇರವಾಗಿ ಹೊರಗೆ, ಯಾವ ಕಿಟಕಿಗೂ ಗಾಳಿ ಒಳಸೇರುವ ಜಾಲರಿಗೂ ಹತ್ತಿರವಲ್ಲದ ಕಡೆ. ಒಳಬರುವ ಗಾಳಿಗಿಂತ ಹೊರಹೋಗುವುದು ಹೆಚ್ಚಿರಬೇಕು. ಸೋಂಕು ರೋಗಿಗಳ ಪ್ರತ್ಯೇಕ ಕೋಣೆಗಳಿಗೆ ಕನಿಷ್ಠ 2.5 ಪ್ಯಾಸ್ಕಲ್ ಋಣ ಒತ್ತಡ, ಅಂದರೆ ಹೊರಗಿಗಿಂತ ಒಳಗೆ ಅಷ್ಟು ಕಡಿಮೆ ಒತ್ತಡ, ಕೇಳುತ್ತಾರೆ, ಅದನ್ನೇ ಆರಂಭದ ಗುರುತಾಗಿ ಇಟ್ಟುಕೊಳ್ಳಬಹುದು. ಬಾಗಿಲು ತಾನಾಗಿ ಮುಚ್ಚಬೇಕು. ಇಂಗ್ಲೆಂಡಿನ 2007ರ ಧೂಮಪಾನ ನಿಷೇಧ ನಿಯಮಗಳಲ್ಲಿ ಸಂಶೋಧನೆಗೆ ವಿನಾಯಿತಿ ಇದೆ. ಆದರೆ ಅಲ್ಲೂ ಗೊತ್ತುಮಾಡಿದ ಕೋಣೆಯ ಗಾಳಿ ಕಟ್ಟಡದ ಬೇರೆ ಹೊಗೆಮುಕ್ತ ಭಾಗಕ್ಕೆ ಹೋಗಕೂಡದು, ಬಾಗಿಲು ತಾನಾಗಿ ಮುಚ್ಚಿಕೊಳ್ಳಬೇಕು ಅಂತ ಷರತ್ತುಗಳಿವೆ.

ಈಗ ಗಾಳಿ ಗಂಟೆಗೆ ಎಷ್ಟು ಸಲ ಬದಲಾಗುತ್ತದೆ ಅಂತ ನೀವೇ ಅಳೆಯಬಹುದು. ಸಿಗರೇಟು ಇಲ್ಲದ ಹೊತ್ತಿನಲ್ಲಿ ಫ್ಯಾನ್ ನಿಲ್ಲಿಸಿ ನಾಲ್ಕೈದು ಜನ ಒಳಗೆ ಕೂತು ಮಾತಾಡಿ. ಉಸಿರಿನಿಂದ ಕಾರ್ಬನ್ ಡೈಆಕ್ಸೈಡ್ ಏರುತ್ತದೆ. ಮೀಟರ್ ಒಳಗೆ ಬಿಟ್ಟು ಎಲ್ಲರೂ ಹೊರಬಂದು ಫ್ಯಾನ್ ಹಾಕಿ. ಹೊರಗಿನ ಗಾಳಿಗಿಂತ ಎಷ್ಟು ಹೆಚ್ಚಿತ್ತೋ ಅದು ಅರ್ಧಕ್ಕೆ ಇಳಿಯಲು ಹಿಡಿದ ನಿಮಿಷಗಳಿಂದ 42ನ್ನು ಭಾಗಿಸಿ. ಬಂದದ್ದೇ ಗಂಟೆಯ ಗಾಳಿ ಬದಲಾವಣೆ. ಪ್ಯೂರಿಫೈಯರ್ ಈ ಅನಿಲವನ್ನು ಮುಟ್ಟುವುದಿಲ್ಲವಾದ್ದರಿಂದ, ನಿಜವಾಗಿ ಎಷ್ಟು ಗಾಳಿ ಬದಲಾಗುತ್ತದೋ ಅಷ್ಟೇ ಈ ಲೆಕ್ಕದಲ್ಲಿ ಕಾಣುತ್ತದೆ. ನಿಮ್ಮ ಹಿರಿಯರಿಗೆ ತೋರಿಸಲು ಇದಕ್ಕಿಂತ ಒಳ್ಳೆಯ ಸಾಕ್ಷಿ ಇಲ್ಲ.

ಸಮಿತಿ ಸದಸ್ಯೆ

ನಾನು ಎಥಿಕ್ಸ್ ಕಮಿಟಿಯೊಂದರಲ್ಲಿ ಕೂರುತ್ತೇನೆ. ಈ ಚರ್ಚೆ ಓದಿ ಮನಸ್ಸಿಗೆ ಚುಚ್ಚಿದ ಮಾತೊಂದಿದೆ, ಅದನ್ನು ಬರೆಯಲೇಬೇಕು.

ನಮ್ಮ ಮುಂದೆ ಬರುವ ಪ್ರೋಟೋಕಾಲ್‌ಗಳಲ್ಲಿ ಭಾಗಿಗಳ ಬಗ್ಗೆ ಪುಟಗಟ್ಟಲೆ ಇರುತ್ತದೆ. ಅವರು ಮೊದಲೇ ಸೇದುವವರು, ಎಷ್ಟು ಸೇದುತ್ತಾರೆ, ಅಪಾಯ ತಿಳಿಸಿದ್ದೇವೆ, ಸಹಿ ಹಾಕಿದ್ದಾರೆ, ಯಾವಾಗ ಬೇಕಾದರೂ ಬಿಡಬಹುದು. ಎರಡು ಮೀಟರ್ ದೂರದಲ್ಲಿ ಕೂತವರ ಬಗ್ಗೆ ಒಂದು ಸಾಲೂ ಇರುವುದಿಲ್ಲ. ಅವರು ಸಂಶೋಧನೆಯ "ವಿಷಯ" ಅಲ್ಲ ಅಂತ ನಾವೂ ಕೇಳುವುದಿಲ್ಲ. ಸೇದುವವರು ಆರಿಸಿಕೊಂಡು ಸೇದುತ್ತಾರೆ. ಸಹಾಯಕಿ ಸಂಬಳಕ್ಕೆ ಬಂದವಳು, ಸೇದದವಳು, ಅವಳ ಒಪ್ಪಿಗೆಯನ್ನು ಯಾರೂ ಕೇಳಿಲ್ಲ. ಭಾಗಿ ಬರುವುದು ಒಂದೆರಡು ದಿನ, ಅವಳು ಬರುವುದು ವರ್ಷವಿಡೀ.

ಪರೋಕ್ಷ ಹೊಗೆಯನ್ನು ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಮನುಷ್ಯರಿಗೆ ಕ್ಯಾನ್ಸರ್ ತರುವ ಮೊದಲನೇ ಗುಂಪಿನಲ್ಲಿ ಇಟ್ಟಿದೆ. ಅಪಾಯವಿಲ್ಲದ ಮಟ್ಟ ಅಂತ ಒಂದಿಲ್ಲ ಎಂದು ಅಮೆರಿಕದ ಸರ್ಜನ್ ಜನರಲ್ ಅವರ 2006ರ ವರದಿ ಹೇಳಿತು. ಸೇದುವವರನ್ನು ಬೇರೆ ಕೂರಿಸುವುದು, ಗಾಳಿ ಶುದ್ಧ ಮಾಡುವುದು, ವಾತಾಯನ ಇವು ಸೇದದವರನ್ನು ಪೂರ್ತಿ ಕಾಪಾಡಲಾರವು ಅಂತಲೂ ಅದೇ ವರದಿ ಹೇಳಿದೆ. ಆದ್ದರಿಂದ ಫ್ಯಾನ್ ದೊಡ್ಡದಾಯಿತು, ಈಗ ಒಳಗೆ ಕೂರು ಅನ್ನುವುದು ಸರಿಯಲ್ಲ. ಒಳಗೆ ಕೂರುವ ಅಗತ್ಯವೇ ಏನಿದೆ ಅನ್ನುವುದು ಮೊದಲ ಪ್ರಶ್ನೆ. ಗಾಜಿನ ಕಿಟಕಿ, ಕ್ಯಾಮೆರಾ, ಮಾತಾಡುವ ಸ್ಪೀಕರ್, ನಾಡಿಯ ಅಂಕಿ ಹೊರಗಿನ ಪರದೆಗೆ ಬರುವ ವ್ಯವಸ್ಥೆ. ಇಷ್ಟಿದ್ದರೆ ಸಾಕು. ಉಸಿರಿನ ಪರೀಕ್ಷೆಯನ್ನು ಭಾಗಿ ಹೊರಗೆ ಬಂದ ಮೇಲೆ ಇನ್ನೊಂದು ಕೋಣೆಯಲ್ಲಿ ಮಾಡಿ, ಸೇದಿ ಎಷ್ಟು ನಿಮಿಷಕ್ಕೆ ಅನ್ನುವುದನ್ನು ಎಲ್ಲರಿಗೂ ಒಂದೇ ಇಡಿ.

ಇನ್ನೊಂದು. ಕೆಲವು ಕಡೆ "ಗರ್ಭಿಣಿಯರು ಒಳಗೆ ಹೋಗುವಂತಿಲ್ಲ" ಅಂತ ನಿಯಮ ಮಾಡಿ ಕೈ ತೊಳೆದುಕೊಳ್ಳುತ್ತಾರೆ. ಬೇಗನೆ ಹೇಳಿಕೊಳ್ಳಲು ಇಷ್ಟವಿಲ್ಲದ ಹೆಣ್ಣುಮಗಳು ಏನು ಮಾಡಬೇಕು? ಆಸ್ತಮಾ ಇರುವವರು, ಕಷ್ಟಪಟ್ಟು ಸಿಗರೇಟು ಬಿಟ್ಟವರು ಏನು ಮಾಡಬೇಕು? ಯಾರೂ ಏನೂ ಹೇಳಿಕೊಳ್ಳದೆಯೂ ಸುರಕ್ಷಿತವಾಗಿ ಇರುವಂತೆ ಕೋಣೆ ಇರಬೇಕು.

ನಡವಳಿಕೆ ಅಧ್ಯಯನ

ಇದನ್ನು ಒಪ್ಪುತ್ತೇನೆ. ಎದುರಿಗೆ ಯಾರೋ ಕೂತು ಬರೆದುಕೊಳ್ಳುವುದಕ್ಕಿಂತ ಒಬ್ಬರೇ ಇದ್ದಾಗ ಜನ ಸಹಜವಾಗಿ ಸೇದುತ್ತಾರೆ. ಇಲ್ಲಿ ನಿಮ್ಮ ಸುರಕ್ಷತೆಯೂ ನಮ್ಮ ದತ್ತಾಂಶವೂ ಒಂದೇ ಕಡೆ ಇವೆ. ಆದರೆ ಭಾಗಿಗೆ ತಲೆಸುತ್ತು ಬಂದರೆ ತಕ್ಷಣ ಒಳಗೆ ಹೋಗುವವರು ಬಾಗಿಲಲ್ಲೇ ಇರಬೇಕು, ಅದರಲ್ಲಿ ರಾಜಿ ಇಲ್ಲ.

ಕೀಲಿಕೈ

ನಾನು ಪ್ರಯೋಗಾಲಯದ ಉಸ್ತುವಾರಿ ನೋಡುವವನು. ಇಷ್ಟು ಮಾತಾಡಿದಿರಿ, ಕೋಣೆ ಗುಡಿಸುವವರನ್ನು ಯಾರೂ ನೆನೆಯಲಿಲ್ಲ. ನಮ್ಮಲ್ಲಿ ಭಾಗಿ ಹೊರಬಂದ ಐದು ನಿಮಿಷಕ್ಕೆ ಅವರು ಒಳಗೆ ಹೋಗಿ ಬೂದಿಬಟ್ಟಲು ಎತ್ತುತ್ತಿದ್ದರು. ಎಷ್ಟೋ ದಿನ ಅದು ನನ್ನ ಕಣ್ಣಿಗೂ ಬಿದ್ದಿರಲಿಲ್ಲ, ಅದಕ್ಕೆ ನನಗೆ ಈಗಲೂ ಬೇಸರವಿದೆ.

ಗಂಟೆಗೆ 12 ಸಲ ಗಾಳಿ ಬದಲಾಗುವ ಕೋಣೆಯಲ್ಲೂ ಇದ್ದದ್ದರಲ್ಲಿ 99% ಹೋಗಲು 23 ನಿಮಿಷ ಬೇಕು, 99.9% ಹೋಗಲು 35. ಆರು ಸಲವಾದರೆ 46 ಮತ್ತು 69. ಎರಡೇ ಸಲವಾದರೆ 99%ಕ್ಕೆ ಎರಡು ಗಂಟೆ ದಾಟುತ್ತದೆ. ಇದೂ ಗಾಳಿ ಚೆನ್ನಾಗಿ ಬೆರೆತರೆ ಮಾತ್ರ. ಮೂಲೆಗಳಲ್ಲಿ ಇನ್ನೂ ನಿಧಾನ.

ಗಾಳಿ ಹೋದ ಮೇಲೂ ಗೋಡೆ, ಮೇಜು, ಕುರ್ಚಿಯ ಬಟ್ಟೆಯಲ್ಲಿ ನಿಕೋಟಿನ್ ಕೂತಿರುತ್ತದೆ. ಅದು ಗಾಳಿಯ ನೈಟ್ರಸ್ ಆಮ್ಲದೊಂದಿಗೆ ಸೇರಿ ಕ್ಯಾನ್ಸರ್ ತರುವ ನೈಟ್ರೋಸಮೈನ್‌ಗಳಾಗುತ್ತದೆ ಅಂತ 2010ರಲ್ಲಿ ಪ್ರಯೋಗದಲ್ಲಿ ಕಂಡುಕೊಂಡರು. ಪರದೆ, ಕಾರ್ಪೆಟ್, ಮೆತ್ತೆಯ ಕುರ್ಚಿ ಎಲ್ಲ ತೆಗೆಸಿ. ಒರೆಸಿ ತೊಳೆಯಲು ಬರುವ ಗಟ್ಟಿ ಮೇಲ್ಮೈ ಮಾತ್ರ ಇರಲಿ. ಒರೆಸುವವರಿಗೆ ಕೈಗವಸು ಕೊಡಿ. ಒಳಗೆ ಹಾಕುವ ಮೇಲಂಗಿ ಒಳಗೇ ಉಳಿಯಲಿ, ಮನೆಗೆ ಹೋಗದಿರಲಿ.

ಬೆಂಕಿಯ ವಿಷಯ. ಹೊಗೆ ಪತ್ತೆ ಮಾಡುವ ಸಾಧನ ಪದೇ ಪದೇ ಕೂಗುತ್ತದೆ ಅಂತ ಅದಕ್ಕೆ ಪ್ಲಾಸ್ಟಿಕ್ ಚೀಲ ಕಟ್ಟಿದ್ದನ್ನು ಕಣ್ಣಾರೆ ನೋಡಿದ್ದೇನೆ. ದಯವಿಟ್ಟು ಯಾರೂ ಹಾಗೆ ಮಾಡಬೇಡಿ. ಅಗ್ನಿ ಸುರಕ್ಷತೆಯವರನ್ನು ಕರೆದು ಆ ಕೋಣೆಗೆ ಶಾಖ ಗುರುತಿಸುವ ಸಾಧನ ಹಾಕಿಸಿ. ಆಮ್ಲಜನಕದ ಸಿಲಿಂಡರ್, ಸ್ಪಿರಿಟ್ ಇರುವ ಸ್ಯಾನಿಟೈಸರ್ ಆ ಕೋಣೆಯಲ್ಲಿ ಇರಲೇಬಾರದು.

ಇದ್ದಿಲು

ಹುಕ್ಕಾ ಅಧ್ಯಯನ ಮಾಡುವವರೂ ಇಲ್ಲಿ ಇದ್ದರೆ ಒಂದು ಎಚ್ಚರಿಕೆ. ಅಲ್ಲಿ ಇದ್ದಿಲು ಉರಿಯುತ್ತದೆ, ಗಂಟೆಗಟ್ಟಲೆ. ಕಾರ್ಬನ್ ಮಾನಾಕ್ಸೈಡ್ ಸಿಗರೇಟಿಗಿಂತ ಎಷ್ಟೋ ಹೆಚ್ಚು. ಬಣ್ಣವಿಲ್ಲ, ವಾಸನೆಯಿಲ್ಲ, ಫಿಲ್ಟರಿಗೆ ಸಿಗುವುದಿಲ್ಲ. ಸದ್ದು ಮಾಡುವ ಮಾನಾಕ್ಸೈಡ್ ಅಲಾರಂ ಒಳಗೂ ಹೊರಗೂ ಇರಬೇಕು. ಇದ್ದಿಲನ್ನು ಕಾರಿಡಾರಿನಲ್ಲಿ ಹೊತ್ತಿಸಿ ಒಳಗೆ ಒಯ್ಯುವ ಅಭ್ಯಾಸ ಕಂಡಿದ್ದೇನೆ, ಅದನ್ನೂ ಎಕ್ಸಾಸ್ಟ್ ಕೆಳಗೇ ಮಾಡಬೇಕು. ಇ-ಸಿಗರೇಟಿನಲ್ಲಿ ಕೆಂಡ ಇಲ್ಲ, ಬರುವುದು ಉಸಿರು ಬಿಟ್ಟಾಗಿನ ಹನಿಗಳು ಮಾತ್ರ. ಅವು ಬೇಗ ಆವಿಯಾಗಿ ಕಣ್ಣಿಗೆ ಕಾಣದಾಗುತ್ತವೆ, ನಿಕೋಟಿನ್ ಮಾತ್ರ ಗಾಳಿಯಲ್ಲೂ ಗೋಡೆಯ ಮೇಲೂ ಉಳಿಯುತ್ತದೆ.

ಹೊಸ ಸಹಾಯಕಿ

ನನ್ನ ದೇಹಕ್ಕೆ ಎಷ್ಟು ಹೋಗಿದೆ ಅಂತ ತಿಳಿಯಬಹುದಾ? ನಮ್ಮಲ್ಲೇ ಇರುವ ಉಸಿರಿನ ಮೀಟರ್‌ಗೆ ಊದಿ ನೋಡಿದೆ, ಹೆಚ್ಚೇನೂ ತೋರಿಸಲಿಲ್ಲ. ಅದನ್ನೇ ಹಿಡಿದು "ನೋಡಿ, ಏನೂ ಇಲ್ಲ" ಅಂದರು.

ಯಂತ್ರದ ಕೋಣೆ

ಆ ಮೀಟರ್ ಸೇದುವವರನ್ನು ಗುರುತಿಸಲು ಇರುವುದು. ಪಕ್ಕದಲ್ಲಿ ಕೂತವರ ಸಣ್ಣ ಪ್ರಮಾಣ ಅದರಲ್ಲಿ ಕಾಣುವುದಿಲ್ಲ. ರಸ್ತೆಯ ವಾಹನಗಳ ಹೊಗೆಯೂ ಅದರಲ್ಲಿ ಬೆರೆಯುತ್ತದೆ. ಅದು ತೋರಿಸಲಿಲ್ಲ ಅಂದರೆ ಇಲ್ಲ ಅಂತಲ್ಲ.

ಲಾಲಾರಸ ಅಥವಾ ಮೂತ್ರದಲ್ಲಿ ಕೋಟಿನಿನ್ ನೋಡಿಸಿ. ದೇಹ ನಿಕೋಟಿನ್ ಅನ್ನು ಒಡೆದಾಗ ಆಗುವುದು ಅದು. ಅರ್ಧಕ್ಕೆ ಇಳಿಯಲು 16ರಿಂದ 18 ಗಂಟೆ ಬೇಕಾಗುವುದರಿಂದ ಹಿಂದಿನ ಒಂದೆರಡು ದಿನದ ಲೆಕ್ಕ ಸಿಗುತ್ತದೆ. ಕೆಲವು ದಿನ ರಜೆಯ ಮೇಲೆ ಒಂದು, ಕೆಲಸದ ವಾರದ ಕೊನೆಗೆ ಒಂದು, ಎರಡನ್ನೂ ಒಂದೇ ಪ್ರಯೋಗಾಲಯದಲ್ಲಿ. ಸೂಕ್ಷ್ಮವಾಗಿ ಅಳೆಯುವ ವಿಧಾನ ಕೇಳಿ. ಕೋಣೆಗೂ ಕಾರಿಡಾರಿಗೂ ನಿಕೋಟಿನ್ ಹೀರುವ ಬ್ಯಾಡ್ಜ್ ಹಾಕಬಹುದು, ಸೋಡಿಯಂ ಬೈಸಲ್ಫೇಟ್ ಲೇಪಿಸಿದ ಸಣ್ಣ ಫಿಲ್ಟರ್ ಅದು. ತಂಬಾಕಿನ ಹೊಗೆಯನ್ನು ಬೇರೆ ಧೂಳಿನಿಂದ ಬೇರ್ಪಡಿಸಿ ತೋರಿಸುತ್ತದೆ. ಬೆಳಕಿನಿಂದ ಕಣ ಅಳೆಯುವ ಮೀಟರ್ ಬಳಸಿದರೆ ಒಂದು ಎಚ್ಚರ: ರಸ್ತೆ ಧೂಳಿಗೆ ಹೊಂದಿಸಿದ ಮೀಟರ್ ಸಿಗರೇಟಿನ ಹೊಗೆಯನ್ನು ಮೂರು ಪಟ್ಟಿನಷ್ಟು ಹೆಚ್ಚಾಗಿ ತೋರಿಸಬಹುದು. ತಿದ್ದದೆ ವರದಿ ಕೊಟ್ಟರೆ ಯಾರೋ ಆ ತಪ್ಪನ್ನು ಹಿಡಿದು ನಿಮ್ಮ ಇಡೀ ದೂರನ್ನೇ ತಳ್ಳಿಹಾಕುತ್ತಾರೆ.

ಸಮಿತಿ ಸದಸ್ಯೆ

ಕೋಟಿನಿನ್ ಫಲಿತಾಂಶ ನಿಮ್ಮದು. ಅದನ್ನು ತೋರಿಸಲೇಬೇಕೆಂದು ಯಾರೂ ಒತ್ತಾಯಿಸುವಂತಿಲ್ಲ.

ಹೊಸ ಸಹಾಯಕಿ

ಮೂರು ವಾರದ ಮೇಲೆ ಬರೆಯುತ್ತಿದ್ದೇನೆ.

ಕಾರ್ಬನ್ ಡೈಆಕ್ಸೈಡ್ ಅಳತೆ ಮಾಡಿದೆವು. ಅರ್ಧಕ್ಕೆ ಇಳಿಯಲು ಹತ್ತೂವರೆ ನಿಮಿಷ, ಅಂದರೆ ಗಂಟೆಗೆ 4 ಸಲ. ಕಟ್ಟಡದ ನಕ್ಷೆಯಲ್ಲಿ 12 ಅಂತ ಬರೆದಿತ್ತು. ಡಕ್ಟ್ ಬಿಚ್ಚಿದಾಗ ಜಾಲರಿಗೆ ಕಂದು ಬಣ್ಣದ ಜಿಡ್ಡು ಹತ್ತಿ ಅರ್ಧ ಮುಚ್ಚಿಹೋಗಿತ್ತು. ಅದನ್ನು ನೋಡಿ ನನ್ನ ಹಿರಿಯರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಅವರೇ ಭಾಗಿಗಳಿಗೆ ಫೋನ್ ಮಾಡಿ ಹತ್ತು ದಿನ ಮುಂದೂಡಿದರು. ಪತ್ರದಲ್ಲಿ ಕಾರಣವನ್ನೂ ಮುಚ್ಚಿಡಲಿಲ್ಲ.

ವಾಪಸ್ ಜಾಲರಿ ಮುಚ್ಚಿಸಿದ್ದಾರೆ. ಹೊಸ ಫ್ಯಾನ್ ಡಕ್ಟ್‌ನ ಹೊರತುದಿಯಲ್ಲಿದೆ, ಈಗ ಕಾಗದದ ಪಟ್ಟಿ ಒಳಕ್ಕೆ ವಾಲುತ್ತದೆ. ಅಳೆದರೆ 11 ಬರುತ್ತದೆ. ಕೆಂಡದ ಪಕ್ಕದ ಹೀರುಗೊಳವೆ ತಯಾರಾಗುತ್ತಿದೆ, ಅದಕ್ಕೂ ಮೊದಲಿನ ದತ್ತಾಂಶಕ್ಕೂ ಹೋಲಿಕೆ ಹೇಗೆ ಅನ್ನುವುದು ಇನ್ನೂ ಚರ್ಚೆಯಲ್ಲಿದೆ. ನಾನು ಹೊರಗೆ, ಗಾಜಿನ ಈಚೆ ಕೂರುತ್ತೇನೆ. ದಿನಕ್ಕೆ ನಾಲ್ವರ ಬದಲು ಮೂವರು.

ಗುಡಿಸುವ ಅಕ್ಕನ ಹತ್ತಿರ ನಾನೇ ಕೂತು ಮಾತಾಡಿದೆ. ಅವರಿಗೆ ಆಸ್ತಮಾ ಇದೆ ಅಂತ ಆಗಲೇ ಗೊತ್ತಾಗಿದ್ದು. ಯಾರೂ ಕೇಳಿರಲಿಲ್ಲ, ಅವರೂ ಹೇಳಿರಲಿಲ್ಲ. ಈಗ ಕೊನೆಯ ತುಂಡು ನೀರಿಗೆ ಬಿದ್ದ ಸಮಯವನ್ನು ನಾನು ಬಾಗಿಲ ಮೇಲಿನ ಫಲಕದಲ್ಲಿ ಬರೆಯುತ್ತೇನೆ, ಅದರ ಕೆಳಗೆ 40 ನಿಮಿಷ ಕೂಡಿಸಿದ ಸಮಯ. ಅಲ್ಲಿಯತನಕ ಬೀಗ. ಅವರಿಗೆ ಓದು ಬಾರದು, ಅದಕ್ಕೆ ಫಲಕದ ಪಕ್ಕದಲ್ಲಿ ಮುಳ್ಳು ತಿರುಗಿಸಿ ಇಡುವ ರಟ್ಟಿನ ಗಡಿಯಾರವೊಂದನ್ನು ಅಂಟಿಸಿದ್ದೇನೆ.

ಕೀಲಿಕೈ

ರಟ್ಟಿನ ಗಡಿಯಾರದ ಅಳತೆ ಎಷ್ಟು ಹೇಳಿ ತಂಗಿ. ನಮ್ಮ ಬಾಗಿಲಿಗೂ ಒಂದು ಮಾಡಿ ಹಾಕುತ್ತೇನೆ.